ಏಳನೆಯ ನಿಯಮ

ಜೂನ್ 11

ಪ್ರೀತಿಯ ಬುಗುರಿ,

ನೀನು ಕೈ ಮುರಿದುಕೊಂಡ ಸುದ್ದಿ ನಿನ್ನ ಮಗಳು ಹಾಕಿದ ಎರಡು ಸಾಲಿನ ಕಾರ್ಡಿನಿಂದ ಗೊತ್ತಾಯಿತು. ಈ ವಯಸ್ಸಿನಲ್ಲಿ ಸ್ಟೂಲು ಹತ್ತಿ ಬಲ್ಬು ಬದಲಿಸಲು ಹೋಗುತ್ತಾರೇನೇ? ಹಾಸ್ಟೆಲಿನಲ್ಲಿ ನಿನಗೆ ಬುಗುರಿ ಎಂದು ಹೆಸರಿಟ್ಟವಳು ನಾನೇ. ಒಂದು ಕಡೆ ಕೂರಲಾರದ ಆ ಚಾಳಿ ಇನ್ನೂ ಹೋಗಿಲ್ಲ. ಫೋನು ಮಾಡಿ ಬೈಯೋಣವೆಂದರೆ ನಿನಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ವರ್ಷಾನುಗಟ್ಟಲೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಲೈನು ಕೊಟ್ಟವಳ ಕಿವಿ ಹೀಗಾಯಿತಲ್ಲ, ನಗಬೇಕೋ ಅಳಬೇಕೋ ತಿಳಿಯದು. ಇರಲಿ, ನಮಗೆ ಕಾಗದವೇ ಸರಿ. ಕಾಗದದಲ್ಲಿ ಬೈದರೆ ಮತ್ತೆ ಮತ್ತೆ ಓದಬಹುದು.

ನನ್ನ ಕಥೆ ಕೇಳು. ಹೆಡ್‌ಮಿಸ್ ಕೆಲಸದಿಂದ ನಿವೃತ್ತಿಯಾಗಲು ಇನ್ನೊಂದೇ ವರ್ಷ, ಹಾಯಾಗಿ ಕಳೆದುಬಿಡೋಣ ಎಂದುಕೊಂಡಿದ್ದೆ. ಶಾಲಾ ಸಮಿತಿಯವರು ಹೊಸ ಕೆಲಸವೊಂದನ್ನು ತಲೆಗೆ ಕಟ್ಟಿದ್ದಾರೆ. ದೊಡ್ಡ ತರಗತಿಯ ಮಕ್ಕಳಿಗೆಲ್ಲ ಟ್ಯಾಬ್ ಕೊಟ್ಟಿದ್ದೇವೆ. ಅದರಲ್ಲಿ ಅವರು ಬರೆದದ್ದರಲ್ಲಿ ಅನುಮಾನದ ಮಾತು ಕಂಡರೆ ಸಾಕು, ನನ್ನ ಕೋಣೆಯ ಕಂಪ್ಯೂಟರಿಗೆ ಟಣ್ ಎಂದು ಬಂದು ಬೀಳುತ್ತದೆ. ನಿನ್ನೆ ಒಬ್ಬಳು ಗೆಳತಿಗೆ ‘ಗಣಿತದಲ್ಲಿ ಸತ್ತೇ ಹೋದೆ’ ಎಂದು ಬರೆದಿದ್ದಳು. ನಾನು ಗಾಬರಿಬಿದ್ದು ಅವಳನ್ನು ಕರೆಸಿ, ನೀರು ಕುಡಿಸಿ, ಬದುಕು ಎಷ್ಟು ದೊಡ್ಡದು ಎಂದೆಲ್ಲ ಹೇಳಿದೆ. ಅವಳು ತಲೆಯಾಡಿಸುತ್ತಾ ಕೇಳಿ ಕೊನೆಗೆ, “ಮಿಸ್, ಹಸಿವಾಗ್ತಿದೆ, ಹೋಗ್ಲಾ?” ಅಂದಳು.

ಇದರ ಜೊತೆಗೆ ಮಕ್ಕಳ ಆನ್‌ಲೈನ್ ಸುರಕ್ಷತೆಗೆ ನಿಯಮಗಳನ್ನೂ ನಾನೇ ಬರೆಯಬೇಕಂತೆ. ಬರೆಯಲು ಕೂತರೆ ನಮ್ಮ ವಾರ್ಡನ್ ಕತ್ತರಿ ಅಮ್ಮನೇ ಕಣ್ಣ ಮುಂದೆ. ಜಗಲಿಯ ಬೆತ್ತದ ಕುರ್ಚಿ, ಮಡಿಲಲ್ಲಿ ನಮಗೆ ಬಂದ ಕಾಗದಗಳ ರಾಶಿ, ಲಕೋಟೆಯ ಅಂಚನ್ನು ಕಚಕಚ ಕತ್ತರಿಸುತ್ತಿದ್ದ ಆ ಸದ್ದು. ನಾವು ಕಂಬದ ಹಿಂದೆ ನಿಂತು ಅವರ ಹುಬ್ಬು ನೋಡುತ್ತಿದ್ದೆವು. ಹುಬ್ಬು ಏರಿದರೆ ಯಾರಿಗೋ ಗ್ರಹಚಾರ. ನನ್ನ ಅಪ್ಪ ಬರೆಯುತ್ತಿದ್ದ ಕಾಗದದಲ್ಲಿ ಬರೀ ಎಮ್ಮೆ, ಬಾವಿ, ನೆಗಡಿ. ಆದರೂ ಅದು ನನ್ನ ಕೈಗೆ ಬರುವ ಹೊತ್ತಿಗೆ ಎಂಜಲಾದ ಹಾಗೆ ಅನಿಸುತ್ತಿತ್ತು. ಎಂಥ ದಿನಗಳು ಕಣೇ ಅವು! ಬೈದುಕೊಂಡೇ ಕಳೆದೆವು, ಈಗ ಅದೇ ಜಗಲಿ ಬೇಕೆನಿಸುತ್ತದೆ.

ಕೈ ಜೋಪಾನ. ಯಾರ ಕೈಯಲ್ಲಾದರೂ ಬರೆಸಿ ಉತ್ತರ ಹಾಕು.

ನಿನ್ನ ಕಡ್ಡಿ


ಜೂನ್ 28

ಪ್ರೀತಿಯ ಕಡ್ಡಿ,

(ನಮಸ್ಕಾರ ಕಡ್ಡಿ ಅಜ್ಜಿ. ನಾನು ಮೊಮ್ಮಗಳು, ಎಂಟನೇ ಕ್ಲಾಸು. ಅಜ್ಜಿ ಹೇಳ್ತಾರೆ, ನಾನು ಬರೀತೀನಿ. ಬ್ರಾಕೆಟ್ ಒಳಗೆ ಇರೋದೆಲ್ಲ ನಂದು. ಅಜ್ಜಿಗೆ ಕಣ್ಣಲ್ಲಿ ಪೊರೆ ಬಂದಿರೋದ್ರಿಂದ ನಿಮ್ಮ ಕಾಗದ ಓದಿ ಹೇಳೋದೂ ನಾನೇ. ಕಿವಿಯೂ ಮಂದ ಅಲ್ವಾ, ಬೀದಿಗೆಲ್ಲ ಕೇಳೋ ಹಾಗೆ ಓದ್ಬೇಕು.)

ನಿನ್ನ ಬೈಗುಳ ತಲುಪಿತು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರು. ಒಳಗೆ ತುರಿಸುತ್ತದೆ, ಕೆರೆಯಲು ಆಗುವುದಿಲ್ಲ. (ಚಿತ್ರ ಬಿಡಿಸೋ ನನ್ನ ಉದ್ದ ಬ್ರಶ್ ತೂರಿಸಿ ಕೆರ್ಕೊತಾರೆ.) ಮಗಳಿಗೆ ಆಸ್ಪತ್ರೆಯಲ್ಲಿ ಒಂದೊಂದು ವಾರ ಒಂದೊಂದು ಪಾಳಿ. ಮನೆಯಲ್ಲಿ ನಾನು, ಈ ನನ್ನ ಕಾರ್ಯದರ್ಶಿ, ಇಬ್ಬರೇ.

ಅಂತೂ ನೀನೇ ಕತ್ತರಿ ಅಮ್ಮ ಆಗಿಬಿಟ್ಟೆ ಅನ್ನು! ಕಂಬದ ಹಿಂದೆ ನಿಂತು ಅವರನ್ನು ಅಣಕಿಸುತ್ತಿದ್ದವಳು ನೀನೇ ತಾನೆ? ನಮ್ಮ ಎಕ್ಸ್‌ಚೇಂಜಿನಲ್ಲಿ ಹೀಗಿರಲಿಲ್ಲಮ್ಮ. ಲೈನು ಸೇರಿಸಿ, ಆ ಕಡೆಯವರು ಹಲೋ ಎಂದ ಕೂಡಲೇ ನಾವು ನಡುವಿನಿಂದ ಎದ್ದುಬಿಡಬೇಕು. ಆಮೇಲೆ ಅದು ಅವರ ಮಾತು. ಆದರೆ ಒಂದಿತ್ತು. ನಂಬರು ಕೇಳುವಾಗಲೇ ಯಾರಾದರೂ ಅಳುತ್ತಿದ್ದರೆ ನಾನು ಸುಮ್ಮನೆ ಲೈನು ಕೊಟ್ಟು ಬಿಡುತ್ತಿರಲಿಲ್ಲ. “ಬೇರೆ ಯಾರಿಗಾದ್ರೂ ಲೈನ್ ಕೊಡ್ಲಾ?” ಎಂದು ಕೇಳುತ್ತಿದ್ದೆ. ಏನಾಯಿತು ಎಂದು ಮಾತ್ರ ಒಂದು ದಿನವೂ ಕೇಳಲಿಲ್ಲ. (ಇದನ್ನ ಹೇಳುವಾಗ ಅಜ್ಜಿ ಎದೆ ಉಬ್ಬಿಸಿದರು.)

ಜಗಲಿ ನೆನಪಿದೆಯಲ್ಲ, ಮೂಲೆ ಮಂಚದವಳು ನೆನಪಿದ್ದಾಳಾ? ಕತ್ತರಿ ಅಮ್ಮ ಅವಳಿಗೆ ಬಂದ ಕಾಗದವನ್ನು ಊಟದ ಹಾಲಿನಲ್ಲಿ, ಎಲ್ಲರೂ ತಟ್ಟೆಯ ಮುಂದೆ ಕೂತಿರುವಾಗ ಓದಿದರು. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಹಾಸಿಗೆ ಸುತ್ತಿಟ್ಟಿತ್ತು, ಅವಳಿರಲಿಲ್ಲ. ನಿಯಮ ಬರೆಯುವಾಗ ಅವಳನ್ನೂ ಸ್ವಲ್ಪ ನೆನೆಸಿಕೋ. (ಆಮೇಲೆ ಅವರು ಏನಾದ್ರು ಅಂತ ಕೇಳಿದೆ. ಅಜ್ಜಿ ಹೇಳಲಿಲ್ಲ. ಕಡ್ಡಿ ಅಜ್ಜಿ, ನಿಮಗೆ ಗೊತ್ತಾ? ಇನ್ನೊಂದು ವಿಷಯ, ನಾನು ಆನ್‌ಲೈನಲ್ಲಿ ಒಂದು ಚಿತ್ರದ ಗುಂಪಿಗೆ ಸೇರಿದ್ದೀನಿ. ಅಲ್ಲಿ ಒಬ್ಬ ಎಂಥಾ ಕುದುರೆ ಬಿಡಿಸ್ತಾನೆ ಗೊತ್ತಾ, ಓಡಿಬರೋ ಹಾಗೆ ಇರುತ್ತೆ.)

ನಿನ್ನ ಬುಗುರಿ (ಮತ್ತು ಕಾರ್ಯದರ್ಶಿ)


ಜುಲೈ 14

ಪ್ರೀತಿಯ ಬುಗುರಿ ಮತ್ತು ಬ್ರಾಕೆಟ್ ಪುಟ್ಟಿ,

ನಿಮ್ಮಿಬ್ಬರ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಿಕೊಂಡು ಒಬ್ಬಳೇ ನಕ್ಕೆ. ಡ್ರಾಯಿಂಗ್ ಮೇಷ್ಟ್ರು ನನ್ನನ್ನು ವಿಚಿತ್ರವಾಗಿ ನೋಡಿದರು. ಕಾರ್ಯದರ್ಶಿಯ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ನಿನ್ನದಂತೂ ಯಾವತ್ತೂ ಕೋಳಿ ಕೆದರಿದ ಹಾಗೆ. ಪುಟ್ಟಿ, ಮುಂದಿನ ಸಲ ನೀನೇ ಒಂದು ಕುದುರೆ ಬರೆದು ಕಳಿಸು, ನನ್ನ ಕೋಣೆಯ ಗೋಡೆಗೆ ಅಂಟಿಸುತ್ತೇನೆ.

ಮೂಲೆ ಮಂಚದವಳ ಮಾತು ಈಗೇಕೆ? ಅದೊಂದು ಕಾಲ, ಆಗಿಹೋಯಿತು. ನನಗೆ ನೆನಪಾಗುವುದೆಲ್ಲ ಬೇರೆಯೇ. ಭಾನುವಾರ ತಲೆಸ್ನಾನ ಮಾಡಿ ತಾರಸಿಯ ಮೇಲೆ ಸಾಲಾಗಿ ಕೂತು ಕೂದಲು ಒಣಗಿಸುತ್ತಿದ್ದದ್ದು, ಒಂದೇ ಬಾಚಣಿಗೆ ಎಲ್ಲರ ಕೈ ಸುತ್ತಿ ಬರುವಾಗ ಅರ್ಧ ಹಲ್ಲು ಉದುರಿರುತ್ತಿದ್ದದ್ದು, ನೀನು ಅಡುಗೆಮನೆಯಿಂದ ಬೆಲ್ಲ ಕದ್ದು ಜ್ಯಾಮಿತಿ ಪೆಟ್ಟಿಗೆಯಲ್ಲಿಟ್ಟು, ಇರುವೆ ಸೇನೆ ಗಣಿತದ ಕ್ಲಾಸಿಗೆ ನುಗ್ಗಿದ್ದು. ಈಗಿನ ಮಕ್ಕಳ ಪಕ್ಕ ಯಾರು ಕೂತಿದ್ದಾರೆ ಎಂಬುದೇ ನನಗೆ ಕಾಣುವುದಿಲ್ಲ ಬುಗುರಿ. ನಾವು ಯಾರ ಜೊತೆ ಮಾತಾಡಿದರೂ ಕಂಬದಾಚೆಯಿಂದ ಯಾರಾದರೂ ನೋಡುತ್ತಿದ್ದರು. ಇವರು ಟ್ಯಾಬಿಗೆ ತಲೆ ತಗ್ಗಿಸಿದರೆ ಮುಗಿಯಿತು, ಎದುರಿಗೆ ಯಾರಿದ್ದಾರೋ ಹೆತ್ತವರಿಗೂ ಗೊತ್ತಿಲ್ಲ. ನನಗೆ ಹೆದರಿಕೆಯಾಗುತ್ತದೆ. ಕಡ್ಡಿ ಮುರಿದ ಹಾಗೆ ಮಾತಾಡುತ್ತೇನೆಂದೇ ನನಗೆ ಆ ಹೆಸರು ಬಿದ್ದದ್ದಲ್ಲವೇ, ನಿಯಮಗಳನ್ನೂ ಹಾಗೆಯೇ ಬರೆಯುತ್ತಿದ್ದೇನೆ.

ನಿನ್ನ ಕಡ್ಡಿ


ಆಗಸ್ಟ್ 19

ಪ್ರೀತಿಯ ಕಡ್ಡಿ,

ಉತ್ತರ ತಡವಾಯಿತು. ಕಾರ್ಯದರ್ಶಿಗೆ ಪುರುಸೊತ್ತಿರಲಿಲ್ಲ, ಓದು ಜಾಸ್ತಿಯಂತೆ. ಡಾಕ್ಟರು ಪ್ಲಾಸ್ಟರು ಬಿಚ್ಚಿ, ಮೂಳೆ ಸರಿ ಕೂತಿಲ್ಲವೆಂದು ಮತ್ತೆ ಹಾಕಿದರು. ನನಗೋ ಕೈ ಕಟ್ಟಿಹಾಕಿದ ಹಾಗಾಗಿದೆ, ಹಾಗಾಗಿದೆ ಏನು ಬಂತು, ಕಟ್ಟಿಯೇ ಹಾಕಿದ್ದಾರೆ.

ಬೆಲ್ಲ ಕದ್ದದ್ದು ನಾನಲ್ಲ, ನೀನು. ನಾನು ಪೆಟ್ಟಿಗೆ ಕೊಟ್ಟೆ ಅಷ್ಟೇ. ಹತ್ತಿರ ಹತ್ತಿರ ಐವತ್ತು ವರ್ಷದ ಮೇಲೂ ತಪ್ಪನ್ನು ನನ್ನ ತಲೆಗೆ ಕಟ್ಟುತ್ತೀಯಲ್ಲ.

ನಿಮ್ಮ ನಿಯಮಗಳ ಬಗ್ಗೆ ಒಂದು ಸಂದೇಹ. ಒಬ್ಬ ಹುಡುಗಿ ತನ್ನ ಫೋಟೋವನ್ನು ಯಾರಿಗೋ ತಾನಾಗಿಯೇ ಕಳಿಸಿದ್ದರೆ ತಪ್ಪು ಅವಳದ್ದೇ ತಾನೆ? ಆಮೇಲೆ ಅವರು ಇನ್ನೂ ಬೇಕು ಎಂದು ಹೆದರಿಸಿದರೆ ಶಾಲೆಯವರು ಏನು ಮಾಡುತ್ತಾರೆ? ಯಾರುಯಾರಿಗೆ ಹೇಳುತ್ತಾರೆ? ಅವಳು ಅಳಿಸಿಬಿಟ್ಟರೆ ಅದು ಎಲ್ಲ ಕಡೆಯಿಂದ ಹೋಗುತ್ತದೆಯೇ?

ಕುದುರೆಯ ಚಿತ್ರ ಸದ್ಯಕ್ಕಿಲ್ಲ.

ನಿನ್ನ ಬುಗುರಿ


ಆಗಸ್ಟ್ 30

ಪ್ರೀತಿಯ ಬುಗುರಿ,

ಬೆಲ್ಲದ ವಿಷಯದಲ್ಲಿ ನಾನು ಸುಪ್ರೀಂ ಕೋರ್ಟಿನವರೆಗೂ ಹೋಗಲು ತಯಾರು. ಪುಟ್ಟಿ ಯಾಕೆ ಈ ಸಲ ಬ್ರಾಕೆಟ್ ಹಾಕಲಿಲ್ಲ? ಪರೀಕ್ಷೆ ಇರಬೇಕು, ಪಾಪ. ಅಜ್ಜಿಯ ಹರಟೆ ಬರೆದೂ ಬರೆದೂ ಸಾಕಾಗಿರುತ್ತದೆ.

ನಿನ್ನ ಸಂದೇಹ ಕಂಡು ಸಂತೋಷವಾಯಿತು. ನಿನಗೂ ಈ ಕಾಲದ ಬಿಸಿ ತಟ್ಟಿತಲ್ಲ! ಹಾಗಾದರೆ ಪೂರ್ತಿಯಾಗಿಯೇ ಹೇಳುತ್ತೇನೆ. ಮೊದಲ ಆರು ನಿಯಮಗಳು ಸಾಮಾನ್ಯ, ಪಾಸ್‌ವರ್ಡು ಯಾರಿಗೂ ಹೇಳಬೇಡಿ, ಅಪರಿಚಿತರ ಜೊತೆ ಮಾತು ಬೇಡ, ಇಂಥವು. ಏಳನೆಯದೇ ಮುಖ್ಯ, ಅದನ್ನು ನಾನು ಮೂರು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ತನ್ನ ಅನುಚಿತ ಚಿತ್ರವನ್ನು ಯಾರಿಗಾದರೂ ಕಳಿಸಿದ ವಿದ್ಯಾರ್ಥಿಯ ಟ್ಯಾಬನ್ನು ಕೂಡಲೇ ವಶಪಡಿಸಿಕೊಳ್ಳುವುದು, ಹೆತ್ತವರನ್ನು ಕರೆಸುವುದು, ಸಮಿತಿಯ ಸಭೆಯಲ್ಲಿ ಹೆಸರು ಹೇಳಿ ವಿಚಾರಣೆ ನಡೆಸುವುದು. ಕಠಿಣ ಅನ್ನಿಸುತ್ತದೆಯೇ? ಅನ್ನಿಸಲಿ. ಒಬ್ಬರಿಗೆ ಬಿಸಿ ಮುಟ್ಟಿದರೆ ಉಳಿದವರು ಎಚ್ಚರವಾಗುತ್ತಾರೆ. ಅಳಿಸಿದರೆ ಹೋಗುತ್ತದೆಯೇ ಎಂದೆಯಲ್ಲ, ಎಲ್ಲಿ ಹೋಗುತ್ತದೆ! ಒಮ್ಮೆ ಕೈತಪ್ಪಿದ್ದು ಜನ್ಮವಿಡೀ ಬೆನ್ನಿಗಿರುತ್ತದೆ. ಅದನ್ನೇ ಮಕ್ಕಳಿಗೆ ಮನದಟ್ಟು ಮಾಡಬೇಕು.

(ಇದರ ಜೊತೆಗಿಟ್ಟ ಬೇರೆ ಎರಡು ಪುಟದ ತುಂಬ ನಮ್ಮ ತಾರಸಿ, ಪಂಪಿನ ಮನೆಯ ಹಿಂದಿನ ನೇರಳೆ ಮರ ಎಲ್ಲ ಬರೆದಿದ್ದೇನೆ. ನಾನೂ ಬ್ರಾಕೆಟ್ ಹಾಕಿದೆ ನೋಡು ಪುಟ್ಟಿ. ನಿಧಾನವಾಗಿ ಓದಿ ಹೇಳು, ನಿನ್ನಜ್ಜಿಗೆ ನೇರಳೆ ಮರವೆಂದರೆ ಪ್ರಾಣ.)

ನಿನ್ನ ಕಡ್ಡಿ


ಸೆಪ್ಟೆಂಬರ್ 17

ಪ್ರೀತಿಯ ಕಡ್ಡಿ,

ಕಳೆದ ಸಲ ಯಾಕೆ ಅಷ್ಟು ಚುಟುಕಾಗಿ ಬರೆದೆ? ಬೆಲ್ಲದ ಜಗಳವೊಂದೇ ಇತ್ತು, ಅರ್ಧ ಪುಟವೂ ಇಲ್ಲ. ಮೈ ಹುಷಾರಿಲ್ಲವೇ? ನನ್ನ ಮೇಲೆ ಕೋಪವೇ? ನಿನ್ನದೊಂದು ಕಾಗದ ಕೇಳಲು ವಾರಗಟ್ಟಲೆ ಕಾಯುತ್ತೇನೆ. ನೀನು ನೋಡಿದರೆ ಹೀಗೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಮೊಮ್ಮಗಳು ಊಟ ಸರಿಯಾಗಿ ಮಾಡುತ್ತಿಲ್ಲ, ಬಣ್ಣದ ಡಬ್ಬಿಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ದಾಳೆ. ಬೆಳೆಯುವ ವಯಸ್ಸು, ಹಾಗೆಯೇ ಇರುತ್ತದೆ.

ನಿನ್ನ ಬುಗುರಿ


ಸೆಪ್ಟೆಂಬರ್ 22, ತುರ್ತು ಅಂಚೆ

ಪ್ರೀತಿಯ ಬುಗುರಿ,

ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ಮೇಲೆ ಕೋಪವೂ ಇಲ್ಲ. ಈ ಕಾಗದದ ಉಳಿದ ಭಾಗ ನಿನ್ನ ಮೊಮ್ಮಗಳಿಗೆ. ಓದಿ ಹೇಳುವುದೋ ಬೇಡವೋ ಅವಳಿಗೆ ಬಿಟ್ಟದ್ದು.

ಪುಟ್ಟಿ, ಇಲ್ಲಿಂದ ಮುಂದಿನದನ್ನು ಮೊದಲು ನಿನ್ನ ಮನಸ್ಸಿನಲ್ಲೇ ಓದಿಕೋ.

ನನ್ನ ಕಳೆದ ಕಾಗದ ಅರ್ಧ ಪುಟವಲ್ಲ, ಮೂರು ಪುಟ ಇತ್ತು. ನೀನು ಬೆಲ್ಲದವರೆಗೆ ಓದಿ ನಿಲ್ಲಿಸಿದ್ದೀಯೆ. ಆದರೆ ‘ಯಾಕೆ ಚುಟುಕಾಗಿ ಬರೆದೆ’ ಎಂದು ಅಜ್ಜಿ ಹೇಳಿದಾಗ ಆ ಸಾಲನ್ನು ನೀನು ಬಿಟ್ಟುಬಿಡಬಹುದಿತ್ತು. ಅಜ್ಜಿಗೆ ಗೊತ್ತೂ ಆಗುತ್ತಿರಲಿಲ್ಲ. ನೀನು ಬಿಡಲಿಲ್ಲ, ಮುತ್ತಿನಂಥ ಅಕ್ಷರದಲ್ಲಿ ಬರೆದು ಕಳಿಸಿದೆ. ನನಗೆ ಗೊತ್ತಾಗಲಿ ಎಂದೇ ಬರೆದೆ ಅಂದುಕೊಳ್ಳುತ್ತೇನೆ. ಆಗಸ್ಟಿನ ಸಂದೇಹವೂ ಅಜ್ಜಿಯದಲ್ಲ, ಅಲ್ಲವೇ? ಅದನ್ನು ಬ್ರಾಕೆಟ್ಟಿನಲ್ಲಿ ಹಾಕಲು ನಿನಗೆ ಹೆದರಿಕೆಯಾಯಿತು. ನನ್ನ ಊಹೆ ತಪ್ಪಾಗಿದ್ದರೆ ನನ್ನನ್ನು ಮನಸಾರೆ ಬೈದು ಒಂದು ಕಾಗದ ಬರೆ, ಇಟ್ಟುಕೊಳ್ಳುತ್ತೇನೆ.

ಸರಿಯಾಗಿದ್ದರೆ ಕೇಳು. ತಪ್ಪು ನಿನ್ನದಲ್ಲ. ನೀನು ಒಬ್ಬನನ್ನು ನಂಬಿದೆ, ನಂಬುವುದು ತಪ್ಪಲ್ಲ. ಆ ನಂಬಿಕೆಯನ್ನೇ ಹಿಡಿದು ಹೆದರಿಸುತ್ತಿರುವವನು ತಪ್ಪು ಮಾಡಿದವನು. ನೀನು ಏನು ಕಳಿಸಿದ್ದರೂ, ಎಷ್ಟು ಕಳಿಸಿದ್ದರೂ ಈ ಮಾತು ಬದಲಾಗುವುದಿಲ್ಲ. ಇನ್ನು ಅವನಿಗೆ ಏನೂ ಕಳಿಸಬೇಡ, ಉತ್ತರವನ್ನೂ ಕೊಡಬೇಡ. ಎಲ್ಲಿಗಾದರೂ ಬಾ ಎಂದರೆ ಹೋಗಬೇಡ. ಅವನು ಬರೆದದ್ದನ್ನು ಅಳಿಸಬೇಡ, ಅವನನ್ನು ಹಿಡಿಯಲು ಅದು ಬೇಕು. ಒಮ್ಮೆ ಕೈತಪ್ಪಿದ್ದು ಜನ್ಮವಿಡೀ ಬೆನ್ನಿಗಿರುತ್ತದೆ ಎಂದು ಏನೋ ದೊಡ್ಡದಾಗಿ ಬರೆದಿದ್ದೆ. ಅದು ನಿಜವಲ್ಲ. ಅಂಥ ಚಿತ್ರಗಳನ್ನು ತೆಗೆದುಹಾಕಿಸುವ ದಾರಿಗಳಿವೆ, ಅದಕ್ಕೆಂದೇ ಕೆಲಸ ಮಾಡುವ ಜನರಿದ್ದಾರೆ. ಬೇಗ ಹೇಳಿದಷ್ಟೂ ಸುಲಭ.

ಮೂಲೆ ಮಂಚದವಳು ಏನಾದಳು ಎಂದು ನೀನು ಕೇಳಿದ್ದೆ, ನಾನು ಜಾರಿಕೊಂಡೆ. ಅವಳು ಏನಾದಳೋ ನಮಗೆ ಗೊತ್ತಿಲ್ಲ. ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ ಅವಳನ್ನು ನಾವ್ಯಾರೂ ಎದ್ದು ಹೋಗಿ ಮುಟ್ಟಲಿಲ್ಲ. ಅವಳಿಗೊಂದು ಕಾಗದವನ್ನೂ ಬರೆಯಲಿಲ್ಲ. ನನ್ನ ಏಳನೆಯ ನಿಯಮವನ್ನು ನಿನ್ನ ಕಣ್ಣಿನಿಂದ ಓದಿದಾಗ ಅದೇ ಊಟದ ಹಾಲು ಕಂಡಿತು. ನನಗೆ ನಾಚಿಕೆಯಾಯಿತು ಕಂದ. ಇವತ್ತು ಅದನ್ನು ಹೊಡೆದುಹಾಕಿದ್ದೇನೆ. ಹೇಳಿಕೊಳ್ಳಲು ಬಂದ ಮಗುವಿಗೆ ಶಿಕ್ಷೆಯಿಲ್ಲ, ಹೆಸರು ಸಭೆಗೆ ಹೋಗುವುದಿಲ್ಲ, ಯಾರಿಗೆ ತಿಳಿಸಬೇಕು ಎಂಬುದನ್ನು ಆ ಮಗುವಿನ ಪಕ್ಕ ಕೂತೇ ನಿರ್ಧರಿಸಬೇಕು ಎಂದು ಬರೆದಿದ್ದೇನೆ. ಸಮಿತಿಯವರು ಕುಣಿದಾಡುತ್ತಾರೆ, ಕುಣಿಯಲಿ.

ಈಗ ನಿನ್ನಜ್ಜಿ ಎಕ್ಸ್‌ಚೇಂಜಿನಲ್ಲಿ ಕೇಳುತ್ತಿದ್ದ ಹಾಗೆ ಕೇಳುತ್ತೇನೆ. ನಿನಗೆ ಯಾರಿಗೆ ಲೈನು ಬೇಕು? ಅಮ್ಮನಿಗೋ, ಅಜ್ಜಿಗೋ, ನಿನಗೆ ಇಷ್ಟವಾದ ಟೀಚರಿಗೋ? ಯಾರಾದರೂ ಸರಿ, ದೊಡ್ಡವರೊಬ್ಬರಿರಬೇಕು. ಕೆಳಗೆ ನನ್ನ ನಂಬರಿದೆ, ಯಾವ ಹೊತ್ತಿನಲ್ಲಾದರೂ ಮಾಡು.

ನಿಮ್ಮ ಮನೆಗೆ ಫೋನು ಮಾಡಲೆಂದು ಎರಡು ಸಲ ರಿಸೀವರ್ ಎತ್ತಿ ಇಟ್ಟೆ. ನಿನಗೆ ಹೇಳದೆ ನಿನ್ನ ವಿಷಯವನ್ನು ಅಮ್ಮನಿಗೆ ಹೇಳಿದರೆ ನಾನೂ ಲಕೋಟೆ ಕತ್ತರಿಸಿದ ಹಾಗೆ. ಹಾಗೆಂದು ನಿನ್ನನ್ನು ಒಂಟಿಯಾಗಿ ಬಿಡಲೂ ನನ್ನಿಂದಾಗದು. ಅದಕ್ಕೆ ಮೊದಲೇ ಹೇಳುತ್ತಿದ್ದೇನೆ. ಈ ಭಾನುವಾರ ಬೆಳಿಗ್ಗೆ ಫೋನು ಮಾಡುತ್ತೇನೆ. ಅಷ್ಟರೊಳಗೆ ನೀನು ಹೇಳಿದ್ದರೆ ನಿನ್ನಮ್ಮನ ಹತ್ತಿರ ಕುಶಲ ವಿಚಾರಿಸಿ ಇಡುತ್ತೇನೆ. ಹೇಳಿರದಿದ್ದರೆ ನಾನು ಹೇಳುತ್ತೇನೆ. ಆಗ ನಿನಗೆ ನನ್ನ ಮೇಲೆ ಕೋಪ ಬಂದರೆ ಬರಲಿ, ನೀನು ಕ್ಷೇಮವಾಗಿದ್ದು ಕೋಪ ಮಾಡಿಕೊಂಡರೆ ಸಾಕು.

ನಿನ್ನ ಕಡ್ಡಿ ಅಜ್ಜಿ


ಅಕ್ಟೋಬರ್ 8

ಕಡ್ಡಿ,

ಪ್ಲಾಸ್ಟರು ಬಿಚ್ಚಿದ್ದಾರೆ. ಅಕ್ಷರ ಕುಂಬಳಕಾಯಿ ಗಾತ್ರ, ಸಾಲು ಒಂದರ ಮೇಲೊಂದು ಹತ್ತಿರಬಹುದು, ಸಹಿಸಿಕೊಂಡು ಓದು. ಇದನ್ನು ನಾನೇ ಬರೆಯಬೇಕು.

ಭಾನುವಾರ ನೀನು ಫೋನು ಮಾಡಿದಾಗ ಮಗಳು ನಿನ್ನ ಹತ್ತಿರ ಬರೀ ಅತ್ತಳಂತೆ. ಈಗ ನಡೆದದ್ದು ಹೇಳುತ್ತೇನೆ. ಮಗಳು ರಜೆ ಹಾಕಿ ಮೊಮ್ಮಗಳ ಜೊತೆ ಶಾಲೆಗೆ ಹೋದಳು. ಕ್ಲಾಸ್ ಟೀಚರು ಒಳ್ಳೆಯವರು, ಬಾಗಿಲು ಹಾಕಿ, ಪೂರ್ತಿ ಕೇಳಿ, ಅವರೇ ಪೊಲೀಸರ ಹತ್ತಿರ ಕರೆದುಕೊಂಡು ಹೋದರು. ಕುದುರೆ ಬಿಡಿಸುವ ಹುಡುಗ ಹುಡುಗನೇ ಅಲ್ಲವಂತೆ, ನಡುವಯಸ್ಸಿನ ಗಂಡಸು. ಆ ಕುದುರೆಗಳೂ ಅವನವಲ್ಲ, ಇನ್ಯಾರವೋ. ಅದನ್ನು ಕೇಳಿ ಇವಳು ಎಲ್ಲಕ್ಕಿಂತ ಜಾಸ್ತಿ ಅತ್ತಳು. ಅವಳ ಫೋಟೋವನ್ನು ಆನ್‌ಲೈನಿನಿಂದ ತೆಗೆದುಹಾಕಿಸಿದ್ದಾರೆ. ಅವನು ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದಾರೆ. ಫೋನು ಸದ್ದು ಮಾಡಿದರೆ ಮಗು ಈಗಲೂ ಬೆಚ್ಚುತ್ತದೆ. ಆದರೆ ನನ್ನ ಪಕ್ಕ ಮಲಗುತ್ತದೆ, ಊಟ ಮಾಡುತ್ತದೆ.

ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಕಣೇ. ಅಷ್ಟು ದೂರದಲ್ಲಿ ಕೂತ ನಿನಗೆ ಕಂಡಿತು, ಭುಜಕ್ಕೆ ಭುಜ ತಾಗಿಸಿ ಕೂತು ಬರೆಸಿದ ನನಗೆ ಕಾಣಲಿಲ್ಲ. ‘ಬೆಳೆಯುವ ವಯಸ್ಸು’ ಎಂದು ಅವಳ ಕೈಯಲ್ಲೇ ಬರೆಸಿದೆನಲ್ಲ, ಆಗ ಅವಳಿಗೆ ಹೇಗಾಗಿರಬೇಡ? ಊರಿನವರ ಅಳುವೆಲ್ಲ ತಂತಿಯಲ್ಲೇ ಗೊತ್ತಾಗುತ್ತಿತ್ತು ನನಗೆ. ಮನೆಯದು ಗೊತ್ತಾಗಲಿಲ್ಲ.

ಮಗಳಿಗೆ ಗೊತ್ತಿಲ್ಲದ್ದು ಒಂದಿದೆ, ಅದನ್ನು ಹೇಳಲೆಂದೇ ಕೂತೆ. ನಿನ್ನ ತುರ್ತು ಕಾಗದ ಬಂದಾಗ ಮನೆಯಲ್ಲಿ ನಾವಿಬ್ಬರೇ. ಮೊಮ್ಮಗಳು ಒಡೆದು, ಮೊದಲು ತಾನೇ ಹಾಳೆ ತಿರುವಿದಳು. “ಏನಂತೆ ಕಡ್ಡಿದು?” ಎಂದೆ. ಓದತೊಡಗಿದಳು. ಗುಂಡುಕಲ್ಲು ಎಂದು ಓದಿದಳು, ಕೋಪವಿಲ್ಲ ಎಂದು ಓದಿದಳು, ಅಲ್ಲಿಗೆ ನಿಂತಳು. “ಮುಗೀತಾ? ಇಷ್ಟಕ್ಕೆ ತುರ್ತು ಅಂಚೆನಾ?” ಎಂದು ನಾನು ನಗುತ್ತಾ ಏಳಹೋದೆ. ಅವಳು ನನ್ನ ಸೆರಗು ಹಿಡಿದುಕೊಂಡಳು. “ಇಲ್ಲ ಅಜ್ಜಿ, ಇನ್ನೂ ಇದೆ” ಅಂದಳು.

ಅವಳು ಮುಂದೆ ಓದಿದ ನಾಲ್ಕು ಸಾಲಿಗೇ ನನಗೆ ಅರ್ಥವಾಯಿತು. ಹೊರಗೆ ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಎದುರುಮನೆಯವರು ಬಟ್ಟೆ ಒಣಗಿಸುತ್ತಿದ್ದರು. ನಮ್ಮ ಮಾತು ಅವರ ಕಿವಿಗೆ ಬೀಳಬಾರದೆಂದು ನಾನು ಎದ್ದು ಕಿಟಕಿ ಮುಚ್ಚಲು ಹೋದೆ.

“ಬೇಡ ಅಜ್ಜಿ, ತೆಗ್ದೇ ಇರ್ಲಿ,” ಅಂದಳು. “ತಪ್ಪು ನಂದಲ್ಲ ಅಂತ ಬರ್ದಿದಾರೆ.”

ಆಮೇಲೆ ಆ ಸಾಲನ್ನೇ ಇನ್ನೊಂದು ಸಲ, ಜೋರಾಗಿ ಓದಿದಳು.

ನಿನ್ನ ಬುಗುರಿ